ಸೈರನ್ ಕೂಗಿದ ಮೇಲೆ ನಿಮ್ಮ ಗೇಟಿಗೆ ಯಾರು ಬರುತ್ತಾರೆ?

ಪ್ರಶ್ನೆ: ನಮ್ಮದು ತುಮಕೂರಿನ ಬಟವಾಡಿಯಿಂದಾಚೆ ಹೊಸ ಬಡಾವಣೆಯಲ್ಲಿ 30×40 ಸೈಟಿನ ಡ್ಯುಪ್ಲೆಕ್ಸ್ ಮನೆ. ಎಡಕ್ಕೆ ಒಂದು ಮನೆ, ಬಲಕ್ಕೆ ಮತ್ತು ಹಿಂದಕ್ಕೆ ಖಾಲಿ ಸೈಟು. ನಾನು, ನಮ್ಮ ಯಜಮಾನರು ಇಬ್ಬರೂ ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತೇವೆ. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಮತ್ತೆ ಬೀಗ ತೆಗೆಯುವುದು ರಾತ್ರಿ ಎಂಟಕ್ಕೆ. ಅತ್ತೆಯವರು ಅರ್ಧ ತಿಂಗಳು ನಮ್ಮ ಜೊತೆ, ಅರ್ಧ ತಿಂಗಳು ಗುಬ್ಬಿ ಹತ್ತಿರದ ಊರಿನಲ್ಲಿ. ಇತ್ತೀಚೆಗೆ ಹಿಂದಿನ ರಸ್ತೆಯಲ್ಲಿ ಹಾಡಹಗಲೇ ಬೀಗ ಮುರಿದು ಕಳ್ಳತನವಾಯಿತು. ಹಾಗಾಗಿ ಮನೆಗೆ ಕಳ್ಳರ ಅಲಾರಂ ಹಾಕಿಸಬೇಕೆಂದಿದ್ದೇವೆ. ಬೆಂಗಳೂರಿನ ಒಂದು ಕಂಪನಿ ‘24 ಗಂಟೆ ಮಾನಿಟರಿಂಗ್, ಸಲಕರಣೆ ಉಚಿತ, ತಿಂಗಳಿಗೆ 900 ರೂಪಾಯಿ ಮತ್ತು ಜಿಎಸ್‌ಟಿ, 3 ವರ್ಷದ ಕರಾರು’ ಎನ್ನುತ್ತಿದೆ. ಇಲ್ಲಿನ ಸಿಸಿಟಿವಿ ಅಂಗಡಿಯವರು ಸಿಮ್ ಹಾಕುವ ಪ್ಯಾನಲ್ 14,000ಕ್ಕೆ ಕೂರಿಸಿಕೊಡುತ್ತಾರಂತೆ. ಮಗ ಆನ್‌ಲೈನಿನಲ್ಲಿ ವೈಫೈ ಕಿಟ್ ತರಿಸೋಣ ಎನ್ನುತ್ತಾನೆ. ಅಮೆರಿಕದಲ್ಲಿರುವ ತಮ್ಮ ಬರುವಾಗ ಅಲ್ಲಿಂದಲೇ ತರುತ್ತೇನೆ ಅಂದಿದ್ದಾನೆ. ಯಾವುದು ತೆಗೆದುಕೊಳ್ಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಸಲಕರಣೆಗಳ ವಿವರ ಇದೆ. ಸೈರನ್ ಕೂಗಿದ ಹತ್ತು ನಿಮಿಷದೊಳಗೆ ನಿಮ್ಮ ಗೇಟಿನ ಮುಂದೆ ಬಂದು ನಿಲ್ಲುವವರು ಯಾರು ಅನ್ನುವುದು ಮಾತ್ರ ಎಲ್ಲೂ ಇಲ್ಲ. ಮಾನಿಟರಿಂಗ್ ಹೆಸರಿನಲ್ಲಿ ತಿಂಗಳು ತಿಂಗಳು ನೀವು ಕೊಡುವ ದುಡ್ಡು ಆ ಹತ್ತು ನಿಮಿಷಕ್ಕಾಗಿಯೇ. ಹಾಗಾಗಿ ಅಲ್ಲಿಂದಲೇ ಶುರುಮಾಡುತ್ತೇನೆ.

ಮನೆಗಳ್ಳ ಒಳಗೆ ಬಹಳ ಹೊತ್ತು ಇರುವುದಿಲ್ಲ. ಬೀಗ ಮೀಟಿ ಒಳಗೆ ಬಂದವನು ನೇರವಾಗಿ ಮಲಗುವ ಕೋಣೆಯ ಬೀರುವಿಗೆ ಹೋಗುತ್ತಾನೆ, ಆಮೇಲೆ ಬೆಳ್ಳಿ ಸಾಮಾನಿಗೆ ದೇವರ ಮನೆಗೆ. ಆ ಹೊತ್ತಿನಲ್ಲಿ ನೀವಿಬ್ಬರೂ ಆಫೀಸಿನಲ್ಲಿರುತ್ತೀರಿ, ಇಲ್ಲವೇ ನಿಡವಂದ-ದೊಡ್ಡಬೆಲೆ ನಡುವೆ ರೈಲಿನಲ್ಲಿ ನಿಂತಿರುತ್ತೀರಿ. ಫೋನಿಗೆ ಎಚ್ಚರಿಕೆ ಬಂತು ಅಂತಲೇ ಇಟ್ಟುಕೊಳ್ಳಿ, 70 ಕಿಲೋಮೀಟರ್ ದೂರದಿಂದ ಏನು ಮಾಡುತ್ತೀರಿ? ಫೋನು ಮಾಡುತ್ತೀರಿ. ಮಾನಿಟರಿಂಗ್ ಕೇಂದ್ರದವರು ಮಾಡುವುದೂ ಅದನ್ನೇ. ವ್ಯತ್ಯಾಸ ಇಷ್ಟೇ: ಮೀಟಿಂಗಿನಲ್ಲಿ ನಿಮ್ಮ ಫೋನು ಸೈಲೆಂಟಿನಲ್ಲಿ ಇರಬಹುದು, ಅವರ ಕಡೆ ಯಾವ ಹೊತ್ತಿನಲ್ಲೂ ಒಬ್ಬರು ಎಚ್ಚರ ಇರುತ್ತಾರೆ. ನಿಮ್ಮಂಥ ದಿನಚರಿಯವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಅದಕ್ಕೇ ನಿಮಗೆ ಮಾನಿಟರಿಂಗ್ ಇರಲಿ ಎಂದೇ ನನ್ನ ಸಲಹೆ. ಆದರೆ ಈಗ ಕೈಗೆ ಬಂದಿರುವ ಕರಾರಿನ ಮೇಲಲ್ಲ.

ಮಾನಿಟರಿಂಗ್ ಅನ್ನುವ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸೇವೆಗಳು ಮಾರಾಟವಾಗುತ್ತವೆ. ಮೊದಲನೆಯದರಲ್ಲಿ ಪ್ಯಾನಲ್, ಅಂದರೆ ಸೆನ್ಸರುಗಳ ಸುದ್ದಿ ಪಡೆಯುವ ಅಲಾರಮ್ಮಿನ ಮುಖ್ಯ ಪೆಟ್ಟಿಗೆ, ನಿಮ್ಮ ಫೋನಿಗೇ ಸುದ್ದಿ ಮುಟ್ಟಿಸುತ್ತದೆ, ನಡುವೆ ಯಾರೂ ಇರುವುದಿಲ್ಲ. ನಿಮ್ಮ ಮಗ ಹೇಳುವ ಕಿಟ್ ಮತ್ತು ಅಂಗಡಿಯವರ ಪ್ಯಾನಲ್ ಈ ಜಾತಿಯವು. ಎರಡನೆಯದರಲ್ಲಿ ಕೇಂದ್ರವೊಂದು ಎಚ್ಚರಿಕೆ ನೋಡಿ, ನೀವು ಕೊಟ್ಟ ಪಟ್ಟಿಯ ಪ್ರಕಾರ ಒಬ್ಬೊಬ್ಬರಿಗೆ ಕರೆ ಮಾಡುತ್ತದೆ. ಮೂರನೆಯದರಲ್ಲಿ ಕರೆಯ ಜೊತೆಗೆ ಕಾವಲುಗಾರನನ್ನೂ ಕಳಿಸುತ್ತಾರೆ. ಈ ಮೂರನೆಯದು ತುಮಕೂರಿನಲ್ಲಿ ನಿಜವಾಗಿ ಸಿಗುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ಬೆಂಗಳೂರಿನಲ್ಲಿ ಬೈಕಿನ ಮೇಲೆ ಹುಡುಗನನ್ನು ಕಳಿಸುವ ಕಂಪನಿಗೆ ಬಟವಾಡಿಯ ಹತ್ತಿರ ಯಾರೂ ಇಲ್ಲದೆ ಇರಬಹುದು. ಬ್ರೋಷರ್ ಮಾತ್ರ ಎರಡೂ ಊರಿಗೆ ಒಂದೇ ಅಚ್ಚಾಗಿರುತ್ತದೆ. ಕಾವಲುಗಾರನನ್ನು ಕಳಿಸುತ್ತೇವೆ ಅನ್ನುವವರಿಗೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆಯಡಿ ಪರವಾನಗಿ ಇರಲೇಬೇಕು. ಅದರ ಪ್ರತಿ ಕೇಳಿ, ನಮ್ಮ ಜಿಲ್ಲೆಗೆ ಅನ್ವಯಿಸುತ್ತದೆಯೇ ನೋಡಿ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಕೇಂದ್ರ ಇರುವುದು ಯಾವ ಊರಿನಲ್ಲಿ? ತುರ್ತು ಸಂಖ್ಯೆ 112ಕ್ಕೆ ಮಾಡಿದ ಕರೆ ಆ ಫೋನು ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ನಿಯಂತ್ರಣ ಕೊಠಡಿಗೆ ಹೋಗುತ್ತದೆ. ಕೇಂದ್ರ ದೆಹಲಿಯಲ್ಲೋ ಮುಂಬೈಯಲ್ಲೋ ಇದ್ದು ಅಲ್ಲಿಂದ 112 ಒತ್ತಿದರೆ ಎತ್ತುವವರು ಅಲ್ಲಿಯವರು. ಅವರು ತುಮಕೂರಿಗೆ ದಾಟಿಸುವಷ್ಟರಲ್ಲಿ ಬೀರು ಖಾಲಿಯಾಗಿರುತ್ತದೆ. ಆದ್ದರಿಂದ ಕೇಂದ್ರ ಕರ್ನಾಟಕದಲ್ಲಿರಬೇಕು. ಇಲ್ಲದಿದ್ದರೆ ತುಮಕೂರು ಜಿಲ್ಲಾ ಪೊಲೀಸ್ ಕಂಟ್ರೋಲ್ ರೂಮಿನ ಮತ್ತು ನಿಮ್ಮ ಮನೆ ಯಾವ ಠಾಣೆಯ ಸರಹದ್ದಿಗೆ ಬರುತ್ತದೋ ಆ ಠಾಣೆಯ ಸ್ಥಿರ ದೂರವಾಣಿ ಸಂಖ್ಯೆ ಅವರ ಪರದೆಯ ಮೇಲೆ ನಿಮ್ಮ ಹೆಸರಿನ ಪಕ್ಕದಲ್ಲೇ ಇರಬೇಕು. ಹೊಸ ಬಡಾವಣೆಗಳಲ್ಲಿ ಸರಹದ್ದಿನ ಗೊಂದಲ ಸಾಮಾನ್ಯ. ಜಯನಗರ ಠಾಣೆಯೋ, ಕ್ಯಾತ್ಸಂದ್ರವೋ, ಹೊಸ ಬಡಾವಣೆ ಠಾಣೆಯೋ ಎಂದು ನೀವೇ ಒಮ್ಮೆ ಹೋಗಿ ಖಚಿತ ಮಾಡಿಕೊಳ್ಳಿ. ಹೋದಾಗ ನಿಮ್ಮ ಬೀಟಿನ ಸಿಬ್ಬಂದಿಯ ಪರಿಚಯವೂ ಆಗಲಿ. ‘ನಮ್ಮ ಪ್ಯಾನಲ್ ನೇರವಾಗಿ ಪೊಲೀಸ್ ಠಾಣೆಗೇ ಕನೆಕ್ಟ್ ಆಗಿರುತ್ತದೆ’ ಎಂದು ಮಾರಾಟದವರು ಹೇಳಿದರೆ ಹೇಗೆ ಅಂತ ಬರವಣಿಗೆಯಲ್ಲಿ ಕೇಳಿ. ಪ್ಯಾನಲಿನಲ್ಲಿ ತಾನಾಗಿ ಕರೆ ಮಾಡುವ ಆಟೋಡಯಲರಿಗೆ 112 ತುಂಬಿಸುವುದಂತೂ ಬೇಡವೇ ಬೇಡ. ಸೆನ್ಸರಿನ ಮೇಲೆ ಹಲ್ಲಿ ಓಡಾಡಿದಾಗಲೆಲ್ಲ ಅಲ್ಲಿಗೆ ಕರೆ ಹೋದರೆ ನಿಜವಾಗಿ ಕಷ್ಟದಲ್ಲಿರುವವರ ಲೈನು ಕಟ್ಟಿಹಾಕಿದಂತೆ.

ಕೊನೆಗೆ ಬೇಗ ಬರುವವರು ಎಡಮನೆಯವರೇ. ಇದನ್ನು ಒಪ್ಪಿಕೊಂಡು ಯೋಜನೆ ಮಾಡಿದರೆ ಇಡೀ ವ್ಯವಸ್ಥೆಗೆ ಅರ್ಥ ಬರುತ್ತದೆ. ಅವರ ಮನೆಯಲ್ಲಿ ಹಗಲು ಯಾರಿರುತ್ತಾರೆ, ರಾತ್ರಿ ಯಾರು ಫೋನು ಎತ್ತುತ್ತಾರೆ, ಎದುರು ಸಾಲಿನಲ್ಲಿ ನಿವೃತ್ತರು ಯಾರಾದರೂ ಇದ್ದಾರಾ ನೋಡಿ, ಇಬ್ಬರ ಒಪ್ಪಿಗೆ ಪಡೆದು ಅವರ ಹೆಸರು ಪಟ್ಟಿಗೆ ಸೇರಿಸಿ. ಅವರಿಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಡಬೇಕು: ಯಾವ ಕಾರಣಕ್ಕೂ ಒಳಗೆ ಹೋಗಬಾರದು. ತಮ್ಮ ಮನೆಯ ಟೆರೇಸಿನಿಂದ ನೋಡಿ, ಲೈಟು ಹಾಕಿ, ನಾಲ್ಕು ಜನ ಕೇಳುವಂತೆ ಕೂಗಿ, ತಮ್ಮ ಫೋನಿನಿಂದ 112ಕ್ಕೆ ಹೇಳಿದರೆ ಸಾಕು. ಬಾಗಿಲು ಮುರಿದಿದ್ದು ಕಂಡರೂ ಮುಟ್ಟಬಾರದು, ಬೆರಳಚ್ಚಿನವರು ಬರುವವರೆಗೂ ಅದು ಹಾಗೇ ಇರಬೇಕು. ನೀವು ಮನೆಗೆ ಬಂದಾಗ ಬೀಗ ಮುರಿದಿದ್ದರೂ ಇದೇ ಮಾತು.

ಇನ್ನು ಸುದ್ದಿ ಮನೆಯಿಂದ ಹೊರಗೆ ಹೋಗುವ ದಾರಿ. ವೈಫೈ ಒಂದನ್ನೇ ನಂಬಿದ ಕಿಟ್ ನನಗೆ ಸಮಾಧಾನ ಕೊಡುವುದಿಲ್ಲ. ಬೆಸ್ಕಾಂ ಕರೆಂಟು ಹೋದರೆ, ಇನ್ವರ್ಟರಿಗೆ ಸೇರಿಸದ ರೂಟರ್ ಆಗಲೇ ಸತ್ತಿರುತ್ತದೆ. ಕರೆಂಟಿದ್ದರೂ ಹೊಸ ಬಡಾವಣೆಗಳಲ್ಲಿ ಫೈಬರ್ ಕೇಬಲ್ ಕಂಬದಿಂದ ಕಂಬಕ್ಕೆ ಕೈಗೆಟುಕುವ ಎತ್ತರದಲ್ಲೇ ನೇತಾಡುತ್ತದೆ. ಸಿಮ್ ಒಂದನ್ನೇ ನಂಬಿದ ಪ್ಯಾನಲಿಗೆ ಬೇರೆ ರೋಗ: ರೀಚಾರ್ಜ್ ಮುಗಿದಿದ್ದು ಮನೆಯವರಿಗೆ ಗೊತ್ತೇ ಇರುವುದಿಲ್ಲ. ಪ್ಯಾನಲಿನ ಮೇಲೆ ಹಸಿರು ದೀಪ ಉರಿಯುತ್ತಿರುತ್ತದೆ, ಕರೆ ಹೋಗುವುದಿಲ್ಲ. ಆದ್ದರಿಂದ ಬ್ರಾಡ್‌ಬ್ಯಾಂಡ್ ಮತ್ತು ಸಿಮ್ ಎರಡೂ ಇರುವ, ಒಂದು ಬಿದ್ದರೆ ಇನ್ನೊಂದರಿಂದ ಹೇಳುವ ಪ್ಯಾನಲೇ ಬೇಕು.

ಅಂಗಡಿಯವರ 14,000ದ ಪ್ಯಾನಲ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅದರೊಳಗಿನ ಮೋಡೆಮ್ 2ಜಿಯೋ 4ಜಿಯೋ ಎಂದು ಕೇಳಿ. ಅಗ್ಗದ ಪ್ಯಾನಲುಗಳಲ್ಲಿ 2ಜಿ ಮೋಡೆಮ್ ಇರುವುದು ಈಗಲೂ ಉಂಟು. ಜಿಯೋಗೆ 2ಜಿ ಜಾಲವೇ ಇಲ್ಲ, ಹಾಗಾಗಿ ಜಿಯೋ ಸಿಮ್ ಅದರಲ್ಲಿ ಕೆಲಸ ಮಾಡುವುದಿಲ್ಲ. ಬೇರೆ ಕಂಪನಿಗಳ 2ಜಿಯನ್ನು ನೆಚ್ಚಿಕೊಂಡು ಹೊಸ ಸಲಕರಣೆ ಕೊಳ್ಳುವುದು ಜಾಣತನವಲ್ಲ. 4ಜಿ ಪ್ಯಾನಲ್ ಆದರೆ ನಿಮ್ಮ ರಸ್ತೆಯಲ್ಲಿ, ಅದೂ ಪ್ಯಾನಲ್ ಕೂರಿಸುವ ಕೋಣೆಯಲ್ಲಿ, ಯಾವ ಕಂಪನಿಯ ಸಿಗ್ನಲ್ ಚೆನ್ನಾಗಿದೆ ನೋಡಿ ಸಿಮ್ ತೆಗೆದುಕೊಳ್ಳಿ. ಕರೆ ಮತ್ತು ಎಸ್ಸೆಮ್ಮೆಸ್ಸಿಗಷ್ಟೇ ಸಿಮ್ ಬೇಕಾದವರಿಗೆ ಡೇಟಾ ಇಲ್ಲದ ಪ್ಯಾಕ್ ಕೊಡಲೇಬೇಕೆಂದು 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮ ಮಾಡಿದೆ. ಅಂಥ ಪ್ಯಾಕಿನ ಅವಧಿ 365 ದಿನಗಳವರೆಗೂ ಇರಬಹುದು. ವರ್ಷಕ್ಕೊಮ್ಮೆ, ಯುಗಾದಿಗೋ ಹುಟ್ಟುಹಬ್ಬಕ್ಕೋ ಗಂಟುಹಾಕಿ ರೀಚಾರ್ಜ್ ಮಾಡಿದರೆ ಮರೆಯುವುದಿಲ್ಲ. ಡೇಟಾದ ಮೂಲಕ ಕೇಂದ್ರಕ್ಕೆ ಸುದ್ದಿ ಕೊಡುವ ಪ್ಯಾನಲ್ ಆದರೆ ಡೇಟಾ ಪ್ಯಾಕೇ ಬೇಕು, ಇದನ್ನು ಮೊದಲೇ ಕೇಳಿಕೊಳ್ಳಿ.

ಮಾನಿಟರಿಂಗ್ ಕೇಂದ್ರದ ನಿಜವಾದ ಬೆಲೆ ಗೊತ್ತಾಗುವುದು ಇನ್ನೊಂದು ಪ್ರಶ್ನೆಯಲ್ಲಿ. ಪ್ಯಾನಲ್ ‘ನಾನು ಬದುಕಿದ್ದೇನೆ’ ಎಂದು ಕೇಂದ್ರಕ್ಕೆ ಎಷ್ಟು ಹೊತ್ತಿಗೊಮ್ಮೆ ಹೇಳುತ್ತದೆ? ಆ ಸುದ್ದಿ ನಿಂತುಹೋದರೆ ಎಷ್ಟು ಹೊತ್ತಿನಲ್ಲಿ ನಿಮಗೆ ಕರೆ ಬರುತ್ತದೆ? ಕೆಲವು ಕಡೆ ಕೆಲವೇ ನಿಮಿಷಕ್ಕೊಮ್ಮೆ, ಕೆಲವು ಕಡೆ ದಿನಕ್ಕೊಮ್ಮೆ. ದಿನಕ್ಕೊಮ್ಮೆ ಅಂದರೆ ಬೆಳಿಗ್ಗೆ ಏಳಕ್ಕೆ ಕೇಬಲ್ ಕತ್ತರಿಸಿದ್ದು ಮರುದಿನ ಏಳಕ್ಕೆ ತಿಳಿಯುತ್ತದೆ. 900 ರೂಪಾಯಿ ಕೇಳುವವರು ಇದಕ್ಕೆ ಅಂಕಿಯಲ್ಲಿ ಉತ್ತರ ಕೊಡಬೇಕು. ‘ಎಲ್ಲ ಆಟೋಮ್ಯಾಟಿಕ್ ಮೇಡಂ’ ಅನ್ನುವುದು ಉತ್ತರವಲ್ಲ.

ತಮ್ಮನಿಗೆ ತೊಂದರೆ ಕೊಡಬೇಡಿ. ಅಮೆರಿಕದ ವೈರ್‌ಲೆಸ್ ಅಲಾರಂಗಳು ಹೆಚ್ಚಾಗಿ ಅಲ್ಲಿನ ತರಂಗಾಂತರಗಳಲ್ಲಿ, ಅಂದರೆ 345 ಅಥವಾ 915 ಮೆಗಾಹರ್ಟ್ಸ್‌ಗಳ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ನಮ್ಮಲ್ಲಿ ಇಂಥ ಉಪಕರಣಗಳಿಗೆ ಪರವಾನಗಿಯಿಲ್ಲದೆ ಬಳಸಲು ಬಿಟ್ಟಿರುವುದು 865ರಿಂದ 868 ಮೆಗಾಹರ್ಟ್ಸ್‌ನಂಥ ಬೇರೆ ಪಟ್ಟಿಗಳು. ಅವರ ಅಡಾಪ್ಟರು, ಸಿಮ್ಮು, ಮಾನಿಟರಿಂಗ್ ಎಲ್ಲ ಅಲ್ಲಿಗೆ ಹೊಂದಿದ್ದು. ಕೆಟ್ಟರೆ ಬಿಚ್ಚುವವರೂ ಇಲ್ಲಿ ಸಿಗುವುದಿಲ್ಲ.

ಈಗ ಸೆನ್ಸರುಗಳು. ಬಾಗಿಲು ತೆರೆದರೆ ವಿದ್ಯುತ್ತಿನಿಂದ ಗಂಟೆ ಬಡಿಯುವ ಉಪಾಯಕ್ಕೆ ಅಮೆರಿಕದ ಆಗಸ್ಟಸ್ ಪೋಪ್ ಎಂಬುವರು 1853ರಲ್ಲೇ ಪೇಟೆಂಟ್ ಪಡೆದಿದ್ದರು. ಇವತ್ತಿನ ಮ್ಯಾಗ್ನೆಟ್ ಸೆನ್ಸರಿನ ತತ್ವವೂ ಅದೇ. ಬಾಗಿಲಿಗೆ ಅಯಸ್ಕಾಂತ, ಚೌಕಟ್ಟಿಗೆ ಸ್ವಿಚ್ಚು. ಎರಡೂ ದೂರವಾದರೆ ಸುದ್ದಿ. ಸರಳವಾದ್ದರಿಂದಲೇ ಇದು ಬಾಳಿಕೆ ಬರುತ್ತದೆ, ಮನೆಯ ಕಾವಲಿಗೆ ಮೊದಲು ಬೇಕಾದದ್ದೂ ಇದೇ. ನಮ್ಮ ಮನೆಗಳಲ್ಲಿ ಇದು ಕೈಕೊಡುವುದು ಎರಡು ಕಡೆ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಸರಿಯಾಗಿ ಕೂರದೆ ಅಂತರ ಹೆಚ್ಚಾಗುತ್ತದೆ, ಆಗ ಸುಮ್ಮಸುಮ್ಮನೆ ಕೂಗುತ್ತದೆ. ಇನ್ನೊಂದು ಕಬ್ಬಿಣದ ಗ್ರಿಲ್ ಬಾಗಿಲು ಮತ್ತು ಟೆರೇಸಿನ ಶೀಟ್ ಬಾಗಿಲು. ಕಬ್ಬಿಣ ಅಯಸ್ಕಾಂತದ ಸೆಳೆತವನ್ನು ತಾನೇ ಹೀರಿಕೊಳ್ಳುತ್ತದೆ. ಅಲ್ಲಿಗೆ ಮರದ ಬಾಗಿಲಿನ ಪುಟ್ಟ ಬಿಳಿ ಸೆನ್ಸರ್ ಅಂಟಿಸಿ ಹೋದರೆ ವಾರದಲ್ಲೇ ತಕರಾರು ಶುರು. ಲೋಹದ ಬಾಗಿಲಿಗೆಂದೇ ಬರುವ ದಪ್ಪನೆಯ ಸೆನ್ಸರ್ ಹಾಕಿಸಿ, ಅಡಿಯಲ್ಲಿ ಪ್ಲಾಸ್ಟಿಕ್ ತುಂಡು ಕೊಡಿಸಿ, ಅಂಟಿನ ಟೇಪ್ ಬೇಡ, ಸ್ಕ್ರೂ ಹಾಕಿಸಿ. ಬಿಸಿಲಿಗೆ ಆ ಟೇಪ್ ಬಿಟ್ಟುಕೊಳ್ಳುತ್ತದೆ.

ಬರೀ ಬಾಗಿಲು ತೆರೆದಾಗ ಕೂಗಿದರೆ ತಡವಾಯಿತು. ಹಾರೆ ಹಾಕಿ ಮೀಟುವಾಗಲೇ ಗೊತ್ತಾಗಬೇಕು. ಅದಕ್ಕೆ ಮುಂಬಾಗಿಲಿಗೂ ಹಿತ್ತಲ ಬಾಗಿಲಿಗೂ ಕಂಪನ ಹಿಡಿಯುವ ಸೆನ್ಸರ್ ಸೇರಿಸಿ. ನಿಮ್ಮ ಹಿಂದುಗಡೆ ಖಾಲಿ ಸೈಟು ಇರುವುದರಿಂದ ಹಿತ್ತಲು ಮತ್ತು ಟೆರೇಸ್ ನನಗೆ ಮುಂಬಾಗಿಲಿಗಿಂತ ಹೆಚ್ಚು ಚಿಂತೆಯ ಜಾಗಗಳು. ಮೆಟ್ಟಿಲು ಹೊರಗಡೆಯಿಂದ ಇದ್ದರಂತೂ ಟೆರೇಸ್ ಬಾಗಿಲನ್ನು ಹೊಡೆಯುವವನು ರಸ್ತೆಗೆ ಕಾಣುವುದೇ ಇಲ್ಲ. ಮಹಡಿ ಮೇಲಿನ ಬಾಗಿಲಿಗೆ ಹೆಚ್ಚಿನವರು ಅತಿ ಅಗ್ಗದ ಅಗಣಿ ಹಾಕಿಸಿರುತ್ತಾರೆ. ಅಲಾರಮ್ಮಿಗೆ ಮುಂಚೆ ಆ ಅಗಣಿ ಬದಲಿಸಿ. ಮುಂಬಾಗಿಲಿಗೆ ಹೊರಗೆ ನೇತಾಡುವ ಬೀಗ ತೆಗೆದು ಬಾಗಿಲೊಳಗೇ ಕೂರುವ ಲಾಕ್ ಹಾಕಿಸಿ. ನೇತಾಡುವ ಬೀಗ ಮನೆಯಲ್ಲಿ ಯಾರೂ ಇಲ್ಲ ಎಂದು ರಸ್ತೆಗೆಲ್ಲ ಹೇಳುತ್ತದೆ.

ಮೋಷನ್ ಸೆನ್ಸರ್, ಅಂದರೆ ಪಿಐಆರ್, ಮನುಷ್ಯನ ಮೈಶಾಖ ಅದರ ಕಣ್ಣೆದುರಿನ ಪಟ್ಟಿಗಳನ್ನು ದಾಟಿದಾಗ ಆಗುವ ಬದಲಾವಣೆಯನ್ನು ಹಿಡಿಯುತ್ತದೆ. ಆದ್ದರಿಂದ ನೇರ ಅದರ ಕಡೆಗೇ ನಡೆದು ಬರುವವನಿಗಿಂತ ಅಡ್ಡಹಾಯುವವನು ಬೇಗ ಸಿಕ್ಕಿಬೀಳುತ್ತಾನೆ. ಹಾಲಿನ ಮೂಲೆಯಲ್ಲಿ, ಸುಮಾರು ಏಳು ಅಡಿ ಎತ್ತರದಲ್ಲಿ, ಮೆಟ್ಟಿಲಿಂದ ಮಲಗುವ ಕೋಣೆಗೆ ಹೋಗುವವರು ಅಡ್ಡ ಸಿಗುವಂತೆ ಕೂರಿಸಬೇಕು. ಇಲ್ಲಿ ನಮ್ಮ ಹವೆಯ ಒಂದು ಸೂಕ್ಷ್ಮ ಇದೆ. ಏಪ್ರಿಲ್ ತಿಂಗಳಲ್ಲಿ ದಿನವಿಡೀ ಕಿಟಕಿ ಮುಚ್ಚಿದ ಮಹಡಿ ಕೋಣೆ ಆರ್‌ಸಿಸಿ ಛಾವಣಿಯ ಕಾವಿಗೆ ಮೈಶಾಖದಷ್ಟೇ ಬಿಸಿಯಾಗುತ್ತದೆ. ಹಿನ್ನೆಲೆಯೂ ಮನುಷ್ಯನೂ ಒಂದೇ ಬಿಸಿ ಆದಾಗ ಪಿಐಆರ್‌ನ ಕಣ್ಣು ಮಂದವಾಗುತ್ತದೆ. ಒಳ್ಳೆಯ ಸೆನ್ಸರಿನಲ್ಲಿ ಇದಕ್ಕೆ ತಾಪಮಾನದ ಸರಿದೂಗಿಕೆ ಇರುತ್ತದೆ, ಕೇಳಿ ತೆಗೆದುಕೊಳ್ಳಿ. ಮಹಡಿಗೆ ಪಿಐಆರ್ ಜೊತೆ ಮೈಕ್ರೋವೇವ್ ತರಂಗದಿಂದ ಚಲನೆ ಹಿಡಿಯುವ ಭಾಗ ಕೂಡ ಇರುವ ಎರಡು ತಂತ್ರದ ಸೆನ್ಸರ್ ಹಾಕಿಸುವಾಗಲೂ ಇದು ನೆನಪಿರಲಿ. ಅದು ಸಾಮಾನ್ಯವಾಗಿ ಎರಡೂ ಒಪ್ಪಿದರಷ್ಟೇ ಕೂಗುತ್ತದೆ, ಸುಳ್ಳು ಅಲಾರಂ ಕಡಿಮೆ ಮಾಡುವುದಕ್ಕೆ ಅದು ಒಳ್ಳೆಯದು, ಬಿಸಿಲಿನ ಮಂದಕ್ಕೆ ಅದೊಂದೇ ಮದ್ದಲ್ಲ.

ಸುಳ್ಳು ಅಲಾರಮ್ಮಿನ ಮಾತು ಸ್ವಲ್ಪ ಹೆಚ್ಚೇ ಹೇಳಬೇಕು. ನಮ್ಮ ಮನೆಗಳಲ್ಲಿ ಅಲಾರಂ ಸಾಯುವುದು ಹೆಚ್ಚಾಗಿ ಇದರಿಂದಲೇ. ಸೆನ್ಸರಿನ ಕಣ್ಣಿನ ಮೇಲೆಯೇ ಹಲ್ಲಿ ಹರಿದಾಡುತ್ತದೆ. ಅಷ್ಟು ಹತ್ತಿರದಲ್ಲಿ ಅದು ಮನುಷ್ಯನಷ್ಟೇ ದೊಡ್ಡದಾಗಿ ಕಾಣುತ್ತದೆ. ಬೆಚ್ಚಗಿರುತ್ತದೆಂದು ಜಿರಳೆ ಒಳಗೇ ಸೇರಿಕೊಳ್ಳುತ್ತದೆ. ವೈರು ಬರುವ ತೂತಿಗೆ ಸಿಲಿಕೋನ್ ಹಚ್ಚಿ ಮುಚ್ಚಿಸಿ, ತಿಂಗಳಿಗೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ. ಸೆನ್ಸರ್ ಕಿಟಕಿಯ ಬಿಸಿಲಿಗೆ ಎದುರಾಗಿರಬಾರದು, ದೇವರ ಮನೆಯ ದೀಪಕ್ಕೆ ನೇರವಾಗಿರಬಾರದು, ಗಾಳಿಗೆ ಆಡುವ ಕರ್ಟನ್ ಅದರ ಮುಂದೆ ಬರಬಾರದು. ವೆಂಟಿಲೇಟರಿನಿಂದ ಬೆಕ್ಕು ಬಂದುಹೋಗುವ ಮನೆಯಾದರೆ ಜಾಲರಿ ಹಾಕಿಸಿ. ದೇವರಾಯನದುರ್ಗದ ಕಡೆಯಿಂದ ಮಂಗಗಳು ಬರುವ ಬಡಾವಣೆಗಳಲ್ಲಿ ಟೆರೇಸಿನ ಮೇಲೆ ತೆರೆದ ಜಾಗಕ್ಕೆ ಮೋಷನ್ ಸೆನ್ಸರ್ ಬೇಡ, ಬಾಗಿಲಿನ ಸೆನ್ಸರ್ ಸಾಕು. ತಿಂಗಳಿಗೆ ನಾಲ್ಕು ಸಲ ಸುಮ್ಮನೆ ಕೂಗಿದ ಸೈರನ್ನಿಗೆ ಐದನೇ ಸಲ ಎಡಮನೆಯವರು ಎದ್ದು ಬರುವುದಿಲ್ಲ. ಮಾನಿಟರಿಂಗಿನವರಿಗೂ ಅಷ್ಟೇ. ಅದಕ್ಕೇ ಒಂದು ಸೆನ್ಸರ್ ಎದ್ದರೆ ನಿಮಗಷ್ಟೇ ಕರೆ, ಎರಡು ಬೇರೆ ಬೇರೆ ಸೆನ್ಸರ್ ಒಂದಾದ ಮೇಲೊಂದು ಎದ್ದರೆ ನೆರೆಯವರಿಗೂ ಪೊಲೀಸರಿಗೂ ಕರೆ ಎಂದು ಕ್ರಮ ಬರೆಸಿ. ಹಾಲಿಗೆ ಒಂದು ಕ್ಯಾಮೆರಾ ಇಟ್ಟು ಕೇಂದ್ರದವರು ಅಲಾರಂ ಬಂದಾಗ ಮಾತ್ರ ಅದರ ಚಿತ್ರ ನೋಡುವಂತೆ ಮಾಡಿಸಿದರೆ ಇನ್ನೂ ಖಚಿತ. ಬೇರೆ ಹೊತ್ತಿನಲ್ಲಿ ಅವರಿಗೆ ಅದು ಕಾಣಬಾರದು, ಕರಾರಿನಲ್ಲಿ ಅದೂ ಬರಲಿ.

ವೈರ್‌ಲೆಸ್ ಸೆನ್ಸರುಗಳಲ್ಲಿ ಅಗ್ಗದವು ಒಂದೇ ದಿಕ್ಕಿನಲ್ಲಿ ಮಾತಾಡುತ್ತವೆ. ಬ್ಯಾಟರಿ ಸತ್ತರೆ ಸುಮ್ಮನಾಗುತ್ತವೆ, ಪ್ಯಾನಲಿಗೆ ಅದು ತಿಳಿಯುವುದಿಲ್ಲ. ಸೆನ್ಸರ್ ತನ್ನ ಇರವನ್ನು ಆಗಾಗ ವರದಿ ಮಾಡುವ, ಯಾರಾದರೂ ಮುಚ್ಚಳ ಬಿಚ್ಚಿದರೆ ಕೂಗುವ, ರಿಮೋಟಿನ ಸಂಕೇತ ಪ್ರತಿ ಸಲ ಬದಲಾಗುವ ವ್ಯವಸ್ಥೆ ಬೇಕು. ಮಾರುವವರು ಯುರೋಪಿನ ಇಎನ್ 50131 ಎಂಬ ಅಲಾರಂ ಮಾನದಂಡ ಹೇಳಿದರೆ ಮನೆಗೆ ಅದರಲ್ಲಿ ಗ್ರೇಡ್ 2 ಸಾಕು. ಪ್ಯಾನಲಿಗೆ ಸ್ವಂತ 12 ವೋಲ್ಟ್ ಬ್ಯಾಟರಿ ಇರಲಿ, ಇನ್ವರ್ಟರ್ ಇದೆಯಲ್ಲ ಎಂದು ಬಿಡಬೇಡಿ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತಕ್ಕೆ ಸುಟ್ಟ ಪ್ಯಾನಲುಗಳನ್ನು ಸಾಕಷ್ಟು ಬಿಚ್ಚಿದ್ದೇನೆ. ಅರ್ಥಿಂಗ್ ನೋಡಿಸಿ, ವೋಲ್ಟೇಜಿನ ಹೊಡೆತ ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಸೈರನ್ ಎರಡಿರಲಿ. ಒಂದು ಹೊರಗೆ ಏಣಿಯಿಲ್ಲದೆ ಕೈಗೆಟುಕದ ಎತ್ತರದಲ್ಲಿ, ವೈರು ಕತ್ತರಿಸಿದರೂ ಸ್ವಂತ ಬ್ಯಾಟರಿಯಿಂದ ಕೂಗುವಂಥದ್ದು. ಇನ್ನೊಂದು ಒಳಗೆ. ಒಳಗೆ ಕಿವಿ ಗಡಚಿಕ್ಕುವ ಸದ್ದಿನಲ್ಲಿ ನಿಧಾನವಾಗಿ ಬೀರು ಜಾಲಾಡುವುದು ಸುಲಭವಲ್ಲ. ಪ್ಯಾನಲ್ ಮಾತ್ರ ಮುಂಬಾಗಿಲಿನ ಪಕ್ಕ ಬೇಡ. ಅಲ್ಲಿ ಕೀಪ್ಯಾಡ್ ಸಾಕು, ಪ್ಯಾನಲ್ ಒಳಕೋಣೆಯಲ್ಲಿ ಅಟ್ಟದ ಮೇಲಿರಲಿ. ಸಿಸಿಟಿವಿಯ ಚಿತ್ರ ದಾಖಲಿಸುವ ಡಿವಿಆರ್ ಇದ್ದರೆ ಅದನ್ನೂ ಟಿವಿ ಪಕ್ಕದಿಂದ ತೆಗೆದು ಮರೆಯ ಜಾಗಕ್ಕೆ ಹಾಕಿ. ಕಳ್ಳರು ಹೋಗುವಾಗ ಅದನ್ನೂ ಹೊತ್ತುಕೊಂಡು ಹೋಗುತ್ತಾರೆ.

ಇನ್ನು ಆ ಮೂರು ವರ್ಷದ ಕರಾರು. 900ರಂತೆ 36 ತಿಂಗಳಿಗೆ 32,400, ಮೇಲೆ ಶೇ. 18 ಜಿಎಸ್‌ಟಿ ಸೇರಿ 38,232 ರೂಪಾಯಿ. ಸಲಕರಣೆ ಉಚಿತ ಅನ್ನುವುದು ಇದರೊಳಗೇ ಅಡಗಿದೆ. ತಪ್ಪೇನಿಲ್ಲ, ಆದರೆ ಮೂರು ವರ್ಷ ಆದಮೇಲೆ ಸಲಕರಣೆ ಯಾರದು ಎಂದು ಕೇಳಿ. ಕೆಲವು ಕರಾರುಗಳಲ್ಲಿ ಅದು ಕೊನೆಯವರೆಗೂ ಕಂಪನಿಯದೇ, ಬಿಟ್ಟರೆ ಬಿಚ್ಚಿಕೊಂಡು ಹೋಗುತ್ತಾರೆ, ಗೋಡೆಯ ತೂತು ನಿಮಗೆ. ಇನ್ನು ಕೆಲವರು ಸಲಕರಣೆ ಬಿಡುತ್ತಾರೆ, ಇನ್‌ಸ್ಟಾಲರ್ ಕೋಡ್ ಕೊಡುವುದಿಲ್ಲ. ಆ ಕೋಡ್ ಇಲ್ಲದೆ ಬೇರೆಯವರು ಅದನ್ನು ಮುಟ್ಟುವ ಹಾಗಿಲ್ಲ. ಪ್ಯಾನಲ್ ಕಾಂಟ್ಯಾಕ್ಟ್ ಐಡಿ ಅಥವಾ ಎಸ್‌ಐಎ ಡಿಸಿ-09 ಎಂಬ ಎಲ್ಲರಿಗೂ ತಿಳಿದ ಭಾಷೆಯಲ್ಲಿ ವರದಿ ಮಾಡುತ್ತದೆಯೇ ಕೇಳಿ. ಹೌದಾದರೆ ನಾಳೆ ಸೇವೆ ಸರಿಯಿಲ್ಲದಿದ್ದರೆ ಇನ್ನೊಂದು ಕೇಂದ್ರಕ್ಕೆ ಬದಲಾಯಿಸಬಹುದು. ನಡುವೆ ಬಿಟ್ಟರೆ ದಂಡ ಎಷ್ಟು, ಕರಾರು ತಾನಾಗಿ ನವೀಕರಣ ಆಗುತ್ತದೆಯೇ, ಸೆನ್ಸರ್ ಕೆಟ್ಟರೆ ತುಮಕೂರಿಗೆ ಎಷ್ಟು ದಿನದಲ್ಲಿ ಬರುತ್ತಾರೆ, ಇದೆಲ್ಲ ಸಹಿಗೆ ಮುಂಚಿನ ಮಾತು. ಸೇವೆಯಲ್ಲಿ ಕೊರತೆಯಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, 2019ರ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶವಿದೆ. ಆದರೆ ಅಲ್ಲಿ ನಿಲ್ಲುವುದು ಬರೆದುಕೊಟ್ಟ ಮಾತು ಮಾತ್ರ.

ನಾನಾದರೆ ಹೀಗೆ ಮಾಡುತ್ತಿದ್ದೆ: ಎರಡು ದಾರಿಯಲ್ಲಿ ಸುದ್ದಿ ಕಳಿಸುವ ಪ್ಯಾನಲನ್ನು ನಿಮ್ಮ ದುಡ್ಡಿನಲ್ಲೇ ಕೊಂಡು, ರಿಪೇರಿಗೆ ಕರೆದರೆ ಸಂಜೆಗೇ ಬರುವ ನಿಮ್ಮ ಅಂಗಡಿಯವರಿಂದಲೇ ಕೂರಿಸಿ, ಮಾನಿಟರಿಂಗನ್ನು ಮಾತ್ರ ವರ್ಷ ವರ್ಷಕ್ಕೆ ಬೇರೆ ತೆಗೆದುಕೊಳ್ಳುವುದು. ಆ ಕಂಪನಿ ಇದಕ್ಕೆ ಒಪ್ಪಿದರೆ ಅವರೇ ಆಗಬಹುದು. ಒಪ್ಪದಿದ್ದರೆ ಬೇರೆಯವರನ್ನು ವಿಚಾರಿಸಿ. ಯಾರೂ ಸಿಗದಿದ್ದರೆ ಅದೇ ಪ್ಯಾನಲಿನಿಂದ ನಿಮಗೆ, ಯಜಮಾನರಿಗೆ, ಇಬ್ಬರು ನೆರೆಯವರಿಗೆ ನೇರ ಕರೆ ಹೋಗುವಂತೆ ಮಾಡಿ. ಎತ್ತದ ಫೋನಿನ ಕೇಂದ್ರಕ್ಕಿಂತ ಎತ್ತುವ ನೆರೆಯವರು ಮೇಲು.

ಕೊನೆಯ ಕಂತು ಕೊಡುವ ಮುಂಚೆ ಕೂರಿಸಿದವರನ್ನು ಎದುರಿಗೆ ನಿಲ್ಲಿಸಿಕೊಂಡು ಪರೀಕ್ಷೆ ಮಾಡಿ. ಅಲಾರಂ ಆನ್ ಮಾಡಿ, ಮೈನ್ ಸ್ವಿಚ್ ಆಫ್ ಮಾಡಿ, ರೂಟರಿನ ವೈರು ಕೀಳಿ, ಹಿತ್ತಲ ಬಾಗಿಲು ತೆಗೆಯಿರಿ. ಕೈಯಲ್ಲಿ ಗಡಿಯಾರ ಹಿಡಿದು ಕೇಂದ್ರದ ಕರೆ ಎಷ್ಟು ಸೆಕೆಂಡಿಗೆ ಬಂತು ನೋಡಿ. ಆಮೇಲೆ ರೂಟರ್ ಹಾಕಿ, ಸಿಮ್ ತೆಗೆದು ಇನ್ನೊಮ್ಮೆ. ಆಮೇಲೆ ರಾತ್ರಿ ಎರಡು ಗಂಟೆಗೆ ಮತ್ತೊಮ್ಮೆ, ಕೇಂದ್ರದವರಿಗೆ ಹೇಳದೆ. ಎಡಮನೆಯವರಿಗೆ ಮಾತ್ರ ಮುಂಚೆ ಹೇಳಿ. ಮುಂಬಾಗಿಲಿಗೆ ಕೀಪ್ಯಾಡ್ ಒತ್ತಲು 30 ಸೆಕೆಂಡ್ ಬಿಡುವು ಇರಲಿ, ಹಿತ್ತಲಿಗೂ ಟೆರೇಸಿಗೂ ಬಿಡುವೇ ಬೇಡ. ಬಲವಂತದಲ್ಲಿ ಒತ್ತಬೇಕಾದ ಬೇರೆ ಕೋಡ್ ಇರುತ್ತದೆ. ಹೊರಗೆ ಅಲಾರಂ ಆಫ್ ಆದಂತೆ ಕಾಣುತ್ತದೆ, ಒಳಗಿಂದೊಳಗೆ ಕೇಂದ್ರಕ್ಕೆ ಸುದ್ದಿ ಹೋಗುತ್ತದೆ. ಅದನ್ನೂ ಮಾಡಿಸಿಕೊಂಡು ಮನೆಮಂದಿಯೆಲ್ಲ ಬಾಯಿಪಾಠ ಮಾಡಿಕೊಳ್ಳಿ.

ಇನ್ಶೂರೆನ್ಸ್ ಕೇಳಲಿಲ್ಲ, ಆದರೂ ಹೇಳುತ್ತೇನೆ. ಬ್ಯಾಂಕಿನವರು ಗೃಹಸಾಲದ ಜೊತೆ ಕೊಡಿಸುವ ಭಾರತ ಗೃಹ ರಕ್ಷಾ ಪಾಲಿಸಿಯಲ್ಲಿ ಬೀಗ ಮುರಿದ ಕಳ್ಳತನ ಸೇರಿರುವುದಿಲ್ಲ. ಬೆಂಕಿ, ಪ್ರವಾಹದಂಥ ಅನಾಹುತ ಆದ ಏಳು ದಿನದೊಳಗೆ ಅದರಿಂದಾಗಿ ನಡೆದ ಕಳ್ಳತನಕ್ಕಷ್ಟೇ ರಕ್ಷಣೆ. ಬರ್ಗ್ಲರಿ ಕವರ್ ಬೇರೆಯೇ ತೆಗೆದುಕೊಳ್ಳಬೇಕು, ಮನೆ ಸತತ ಎಷ್ಟು ದಿನ ಖಾಲಿ ಇದ್ದರೆ ನಡೆಯುವುದಿಲ್ಲ ಅನ್ನುವ ಷರತ್ತು ಓದಬೇಕು. ಒಡವೆ ಮಾತ್ರ ಲಾಕರಿಗೆ ಹೋಗಲಿ. ಮದುವೆ ಮುಂಜಿಗೆ ತಂದಿದ್ದು ಮರುವಾರವೇ ವಾಪಸ್ ಹೋಗಲಿ. ತಿರುಪತಿಗೋ ಧರ್ಮಸ್ಥಳಕ್ಕೋ ಹೊರಟಾಗ ಠಾಣೆಗೆ ಹೇಳಿ, ಪೇಪರು ಹಾಲು ನಿಲ್ಲಿಸಿ, ಎಡಮನೆಯವರಿಗೆ ನಿಮ್ಮ ಗೇಟಿನ ಮುಂದೂ ನೀರು ಚಿಮುಕಿಸಿ ಒಂದು ಎಳೆ ರಂಗೋಲಿ ಹಾಕಲು ಹೇಳಿ. ನಮ್ಮ ರಸ್ತೆಗಳಲ್ಲಿ ರಂಗೋಲಿ ಇಲ್ಲದ ಬಾಗಿಲು ಮತ್ತು ಹಗಲೂ ಉರಿಯುವ ಗೇಟಿನ ಲೈಟು, ಕಣ್ಣಿಡುವವರು ಮೊದಲು ನೋಡುವುದು ಇವೆರಡನ್ನೇ.

ಅತ್ತೆಯವರ ವಿಷಯ ಬಾಕಿ ಇದೆ, ಅದು ನನಗೆ ಒಡವೆಗಿಂತ ಮುಖ್ಯ. ಅವರು ಒಬ್ಬರೇ ಇರುವ ಮಧ್ಯಾಹ್ನಗಳಲ್ಲಿ ಅಲಾರಂ ಪೂರ್ತಿ ಆಫ್ ಆಗಿರಬಾರದು. ‘ಮನೆಯಲ್ಲಿದ್ದೇವೆ’ ಎಂಬ ಸ್ಥಿತಿಯಲ್ಲಿ ಬಾಗಿಲುಗಳ ಸೆನ್ಸರ್ ಎಚ್ಚರ ಇರುತ್ತವೆ, ಒಳಗಿನ ಮೋಷನ್ ಸೆನ್ಸರ್ ಮಲಗಿರುತ್ತವೆ. ಅವರು ಅಡುಗೆ ಮನೆಗೂ ಹಾಲಿಗೂ ನಿಶ್ಚಿಂತೆಯಾಗಿ ಓಡಾಡಬಹುದು. ಕೊರಳಿಗೆ ಹಾಕುವ ಅಥವಾ ಸೆರಗಿನ ಮರೆಯಲ್ಲಿ ಇಟ್ಟುಕೊಳ್ಳುವ ಪ್ಯಾನಿಕ್ ಬಟನ್ ಕೊಡಿಸಿ. ಕಳ್ಳ ಬಂದಾಗ ಮಾತ್ರವಲ್ಲ, ಬಚ್ಚಲಲ್ಲಿ ಜಾರಿ ಬಿದ್ದರೂ ಅದನ್ನು ಒತ್ತಬಹುದು ಎಂದು ಹೇಳಿ, ಅವರ ಕೈಯಿಂದಲೇ ಎರಡು ಮೂರು ಸಲ ಒತ್ತಿಸಿ. ಕೇಂದ್ರದಿಂದ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕರೆ ಬಂದರೆ ಅವರು ಗಾಬರಿಯಾಗಿ ಫೋನು ಇಟ್ಟುಬಿಡುತ್ತಾರೆ. ರಾತ್ರಿ ಪಾಳಿಯಲ್ಲೂ ಕನ್ನಡ ಮಾತಾಡುವವರು ಇದ್ದಾರಾ ಎಂದು ಕಂಪನಿಯನ್ನು ಕೇಳಿ, ಆ ಪರೀಕ್ಷೆಯ ಎರಡು ಗಂಟೆಯ ಕರೆಯನ್ನು ಅತ್ತೆಯವರ ಕೈಯಲ್ಲೇ ಎತ್ತಿಸಿ ನೋಡಿ.